ಜಲಪರ್ಣಿ: ಬಡ್ಡಿ ತೀರಿಸಿದರೆ ಸಾಲದು, ಅಸಲೂ ತೀರಬೇಕು

ಬೇಸಿಗೆ ಸಮೀಪಿಸುತ್ತಿದ್ದಂತೆ ಪುಣೆಯ ಮುಳಾ-ಮುಠಾ ನದಿಗಳ ಮೇಲೆಯೂ ಪಾಷಾಣ ಕೆರೆಯ ಮೇಲೆಯೂ ಹಸಿರು ಹಾಸು ಹರಡುವುದನ್ನು ಇಲ್ಲಿ ನೆಲೆಸಿರುವ ನಾವೆಲ್ಲರೂ ಕಂಡಿದ್ದೇವೆ. ದೂರದಿಂದ ಹುಲ್ಲುಗಾವಲಿನಂತೆ ತೋರುವ, ತಿಳಿನೇರಳೆ ಹೂಗೊಂಚಲುಗಳಿಂದ ಮನಸೆಳೆಯುವ ಈ ಸಸ್ಯವೇ ಮರಾಠಿಯ ಜಲಪರ್ಣಿ. ಕನ್ನಡ ನಾಡಿನಲ್ಲಿ ಇದನ್ನು ಅಂತರಗಂಗೆ ಎಂದೂ ಕರೆಯುವುದುಂಟು. ಪಾಲಿಕೆಯವರು ಯಂತ್ರಗಳಿಂದ ತೆಗೆಸುತ್ತಾರೆ. ಕೆಲವೇ ತಿಂಗಳಲ್ಲಿ ಅದು ಮರಳಿ ಬರುತ್ತದೆ. ಇದೇಕೆ ಹೀಗೆ ಎಂಬುದನ್ನು ಅರಿಯುವುದು ಅವಶ್ಯ.

ಜಲಪರ್ಣಿಯ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಪ್ರದೇಶ. ಹೂವಿನ ಚೆಲುವಿಗೆ ಮಾರುಹೋದವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದನ್ನು ಬಂಗಾಳಕ್ಕೆ ತಂದರು. ಅಲ್ಲಿ ಅದು ಭತ್ತದ ಗದ್ದೆಗಳನ್ನೂ ದೋಣಿಮಾರ್ಗಗಳನ್ನೂ ಆಕ್ರಮಿಸಿತು. 1936ರಲ್ಲಿ ಅದರ ನಿವಾರಣೆಗೆಂದೇ ಕಾನೂನು ರಚಿಸಬೇಕಾಯಿತು.

ಇದರ ಬೆಳವಣಿಗೆ ಚಕ್ರಬಡ್ಡಿಯ ಲೆಕ್ಕದಂತೆ. ಅನುಕೂಲಕರ ವಾತಾವರಣದಲ್ಲಿ ಸುಮಾರು ಎರಡು ವಾರಗಳಿಗೊಮ್ಮೆ ಇದು ದ್ವಿಗುಣಗೊಳ್ಳುತ್ತದೆ. ಕೆರೆಯನ್ನು ಸ್ವಚ್ಛಗೊಳಿಸುವಾಗ ಶೇ. 1ರಷ್ಟು ಭಾಗದಲ್ಲಿ ಮಾತ್ರ ಕಳೆ ಉಳಿಯಿತೆಂದು ಭಾವಿಸೋಣ. ಅದು 2, 4, 8, 16, 32, 64 ಎಂದು ಹೆಚ್ಚುತ್ತ ಏಳನೆಯ ಬಾರಿಗೆ, ಅಂದರೆ ಮೂರೂವರೆ ತಿಂಗಳೊಳಗೆ, ಇಡೀ ಕೆರೆಯನ್ನು ಮುಚ್ಚಬಲ್ಲದು. ಜೊತೆಗೆ ಕೆಸರಿನಲ್ಲಿ ಬಿದ್ದ ಬೀಜಗಳು ಹಲವು ವರ್ಷ ಮೊಳೆಯುವ ಶಕ್ತಿಯನ್ನು ಉಳಿಸಿಕೊಂಡಿರುತ್ತವೆ.

ಹಾಸು ದಟ್ಟವಾದಂತೆ ನೀರಿನೊಳಕ್ಕೆ ಬೆಳಕು ಇಳಿಯುವುದಿಲ್ಲ, ಆಮ್ಲಜನಕ ಕುಗ್ಗುತ್ತದೆ, ಮೀನುಗಳು ಸಾಯುತ್ತವೆ. ನಿಂತ ನೀರಿನಲ್ಲಿ ಸೊಳ್ಳೆಗಳು ಹೆಚ್ಚುತ್ತವೆ. ಆನೆಕಾಲು ರೋಗವನ್ನು ಹರಡಬಲ್ಲ ಮ್ಯಾನ್ಸೋನಿಯಾ ಜಾತಿಯ ಸೊಳ್ಳೆಯ ಮರಿಗಳಂತೂ ಇಂತಹ ಸಸ್ಯಗಳ ಬೇರಿಗೆ ಅಂಟಿಕೊಂಡೇ ಉಸಿರಾಡುತ್ತವೆ.

ನಿಯಂತ್ರಣಕ್ಕೆ ಮೂರು ಮಾರ್ಗಗಳಿವೆ. ಮೊದಲನೆಯದು ಕೈಯಿಂದ ಅಥವಾ ಯಂತ್ರದಿಂದ ತೆಗೆಯುವುದು. ಸಸ್ಯದ ತೂಕದಲ್ಲಿ ಶೇ. 90ಕ್ಕೂ ಹೆಚ್ಚು ನೀರೇ ಇರುವುದರಿಂದ ಸಾಗಣೆ ದುಬಾರಿ. ಹಾಗೆಂದು ದಡದಲ್ಲಿಯೇ ರಾಶಿ ಹಾಕಿದರೆ ಮೊದಲ ಮಳೆಗೆ ಅದು ಮತ್ತೆ ನೀರು ಸೇರುತ್ತದೆ. ಎರಡನೆಯದು ಕಳೆನಾಶಕ. ಅದರಿಂದ ಸತ್ತ ಸಸ್ಯ ತಳದಲ್ಲಿ ಕೊಳೆತು ಆಮ್ಲಜನಕವನ್ನು ಇನ್ನಷ್ಟು ಕಸಿಯುತ್ತದೆ. ಜನ-ಜಾನುವಾರುಗಳು ಬಳಸುವ ನೀರಿಗಂತೂ ಅದು ತಕ್ಕುದಲ್ಲ.

ಮೂರನೆಯದು ಜೈವಿಕ ನಿಯಂತ್ರಣ. ಇದರಲ್ಲಿ ನಮ್ಮ ಬೆಂಗಳೂರಿನ ಪಾತ್ರ ಹಿರಿದು. ಜಲಪರ್ಣಿಯನ್ನೇ ತಿಂದು ಬದುಕುವ ನಿಯೋಕೆಟಿನಾ ಎಂಬ ಮೂತಿಹುಳುಗಳನ್ನು 1980ರ ದಶಕದ ಆರಂಭದಲ್ಲಿ ವಿದೇಶದಿಂದ ತರಿಸಿ, ಅವು ಬೆಳೆಗಳಿಗೆ ಹಾನಿ ಮಾಡವೆಂದು ಪರೀಕ್ಷಿಸಿ ಬೆಂಗಳೂರಿನ ಕೆರೆಗಳಲ್ಲಿ ಬಿಡಲಾಯಿತು. ಕೆಲವು ಕೆರೆಗಳಲ್ಲಿ ಎರಡು-ಮೂರು ವರ್ಷಗಳಲ್ಲಿ ಕಳೆ ಹತೋಟಿಗೆ ಬಂದಿತು. ಅದೇ ಕಾಲದಲ್ಲಿ ಸಾಲ್ವೀನಿಯಾ ಎಂಬ ಇನ್ನೊಂದು ತೇಲುಕಳೆಯನ್ನು ತಿನ್ನುವ ಹುಳುವನ್ನು ಬೆಂಗಳೂರಿನ ನೈದಿಲೆ ಕೊಳವೊಂದರಲ್ಲಿ ಬಿಟ್ಟಾಗ, ಒಂದು ವರ್ಷದೊಳಗೆ ಕಳೆ ತೊಲಗಿ ನೈದಿಲೆ ಮತ್ತೆ ಚಿಗುರಿತು. ಆದರೆ ಹುಳುಗಳಿಗೆ ಕಾಲಾವಕಾಶ ಬೇಕು. ನದಿಯ ಪ್ರವಾಹದಲ್ಲಿ ಅವು ನೆಲೆಯೂರುವುದು ಕಷ್ಟ.

ಈ ಮೂರೂ ಬಡ್ಡಿ ತೀರಿಸುವ ಉಪಾಯಗಳು. ಅಸಲು ಇರುವುದು ಕೊಳಚೆಯಲ್ಲಿ. ಮಲಿನ ನೀರಿನಲ್ಲಿರುವ ಸಾರಜನಕ, ರಂಜಕಗಳೇ ಜಲಪರ್ಣಿಯ ಆಹಾರ. ಬಾವಧನದ ಕಡೆಯಿಂದ ಬರುವ ರಾಮನದಿಯು ದಾರಿಯುದ್ದಕ್ಕೂ ಬಡಾವಣೆಗಳ ಕೊಳಚೆಯನ್ನು ಹೊತ್ತು ಪಾಷಾಣ ಕೆರೆಗೆ ಸುರಿದರೆ, ಕಳೆ ಮರಳಿ ಬಾರದಿರುವುದು ಹೇಗೆ?

ಇದು ಪುಣೆಗಷ್ಟೇ ಸೀಮಿತವಾದ ವಿಷಯವಲ್ಲ. ಮುಳಾ-ಮುಠಾ ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಜಲಾಶಯ ಹಾಗೂ ಪಂಢರಪುರವನ್ನು ದಾಟಿ ಕರ್ನಾಟಕವನ್ನು ಪ್ರವೇಶಿಸುತ್ತದೆ. ನಮ್ಮಲ್ಲಿ ಅನೇಕರು ದತ್ತದರ್ಶನಕ್ಕೆ ಹೋಗಿ ಮೀಯುವ ಗಾಣಗಾಪುರದ ಸಂಗಮವೂ ಇದೇ ನದಿಯ ದಡದಲ್ಲಿದೆ.

ಆದ್ದರಿಂದ ಕನ್ನಡ ಬಾಂಧವರಲ್ಲಿ ವಿನಂತಿ ಇಷ್ಟೆ. ತಮ್ಮ ವಸತಿ ಸಂಕೀರ್ಣದಲ್ಲಿ ಕೊಳಚೆ ಶುದ್ಧೀಕರಣ ಘಟಕವಿದ್ದಲ್ಲಿ ಅದು ಪ್ರತಿದಿನ ನಡೆಯುತ್ತಿದೆಯೇ ಎಂದು ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಕೇಳಬೇಕು. ಪೂಜೆಯ ನಿರ್ಮಾಲ್ಯವನ್ನು ನೀರಿಗೆ ಬಿಡದೆ ಗೊಬ್ಬರವಾಗಿಸಬೇಕು. ಮನೆಯ ಕೊಳ ಅಥವಾ ಮೀನಿನ ತೊಟ್ಟಿಯ ಅಲಂಕಾರ ಸಸ್ಯಗಳನ್ನು ಕೆರೆಗೆ ಎಸೆಯಬಾರದು. ಕಳೆ ಇನ್ನೂ ಅಂಗೈಯಗಲ ಇರುವಾಗಲೇ ಪಾಲಿಕೆಗೆ ತಿಳಿಸಬೇಕು. ಚಕ್ರಬಡ್ಡಿಯ ಸಾಲವನ್ನು ಚಿಕ್ಕದಿರುವಾಗಲೇ ತೀರಿಸುವುದು ಜಾಣತನವಲ್ಲವೇ?