ಬೆಳಕಿನಿಂದ ಜಲಜನಕ: ಕೆಮ್ಮಣ್ಣು ಕಲಿಸುವ ಪಾಠ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದಕ್ಕೆ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಮರಗಳಿಂದ. ಅದಿರಿನಲ್ಲಿ ಕಬ್ಬಿಣವು ಆಮ್ಲಜನಕದೊಡನೆ ಕೂಡಿಕೊಂಡಿರುತ್ತದೆ. ಕುಲುಮೆಯಲ್ಲಿ ಇಂಗಾಲವು ಆ ಆಮ್ಲಜನಕವನ್ನು ಕಿತ್ತುಕೊಂಡು ಅನಿಲವಾಗಿ ಹೊರಹೋಗುತ್ತದೆ. ಇದೇ ಕೆಲಸವನ್ನು ಜಲಜನಕವೂ ಮಾಡಬಲ್ಲದು. ಆಗ ಹೊರಬರುವುದು ನೀರಾವಿ. ಲೆಕ್ಕದ ಪ್ರಕಾರ ಒಂದು ಟನ್ ಕಬ್ಬಿಣಕ್ಕೆ ಸುಮಾರು 54 ಕಿಲೋಗ್ರಾಂ ಜಲಜನಕ ಬೇಕು. ಕುಲುಮೆಯನ್ನು ಕಾಯಿಸುವ ಶಕ್ತಿ ಬೇರೆ.

ಆದರೆ ಇಂದು ಜಗತ್ತಿನಲ್ಲಿ ತಯಾರಾಗುವ ಬಹುಪಾಲು ಜಲಜನಕಕ್ಕೆ ಮೂಲ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲು. ಹಾಗಾದರೆ ಬಿಸಿಲಿನಿಂದಲೇ ನೀರನ್ನು ವಿಭಜಿಸಬಹುದೆ?

ಬೆಳಕು ಮಾಡುವ ಕೆಲಸ

1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಎಂಬ ವಿಜ್ಞಾನಿಗಳು ನೀರಿನಲ್ಲಿಟ್ಟ ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಹಾಯಿಸಿದರು. ಅಲ್ಲಿ ಆಮ್ಲಜನಕ ಬಿಡುಗಡೆಯಾಯಿತು. ತಂತಿಯಿಂದ ಜೋಡಿಸಿದ ಪ್ಲಾಟಿನಂ ಮೇಲೆ ಜಲಜನಕ ಹುಟ್ಟಿತು. ಇಂತಹ ವಸ್ತುವಿಗೆ ದ್ಯುತಿವೇಗವರ್ಧಕ ಎಂದು ಹೆಸರು. ಬೆಳಕು ಅದರ ಒಂದು ಇಲೆಕ್ಟ್ರಾನನ್ನು ಮೇಲಿನ ಮಟ್ಟಕ್ಕೆ ಏರಿಸುತ್ತದೆ. ಕೆಳಗೆ ಖಾಲಿ ಸ್ಥಾನ, ಅಂದರೆ ರಂಧ್ರ, ಉಳಿಯುತ್ತದೆ. ಇಲೆಕ್ಟ್ರಾನು ಜಲಜನಕವನ್ನೂ ರಂಧ್ರವು ಆಮ್ಲಜನಕವನ್ನೂ ನೀರಿನಿಂದ ಬಿಡಿಸುತ್ತವೆ.

ಟೈಟಾನಿಯಂ ಡೈಆಕ್ಸೈಡ್ ಬೆಳ್ಳಗಿದೆ. ಅಂದರೆ ಗೋಚರ ಬೆಳಕನ್ನು ಅದು ಹೀರುವುದಿಲ್ಲ. ಅದಕ್ಕೆ ನೇರಳಾತೀತ ಕಿರಣ ಬೇಕು. ಬಿಸಿಲಿನ ಶಕ್ತಿಯಲ್ಲಿ ಅದರ ಪಾಲು ಶೇಕಡಾ 5ರಷ್ಟೇ. ನಮ್ಮ ಕೆಮ್ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡ್ ಕೆಂಪಗಿದೆ. ಗೋಚರ ಬೆಳಕನ್ನು ಚೆನ್ನಾಗಿ ಹೀರುತ್ತದೆ, ಅಗ್ಗವೂ ಹೌದು. ಆದರೆ ಅದರ ಇಲೆಕ್ಟ್ರಾನಿಗೆ ಒಂಟಿಯಾಗಿ ಜಲಜನಕವನ್ನು ಬಿಡಿಸುವಷ್ಟು ಶಕ್ತಿಯಿಲ್ಲ. ಮೇಲಾಗಿ ಇಲೆಕ್ಟ್ರಾನೂ ರಂಧ್ರವೂ ಬಹುಬೇಗ ಮತ್ತೆ ಕೂಡಿಕೊಂಡು, ಬೆಳಕು ಕೊಟ್ಟ ಶಕ್ತಿಯೆಲ್ಲ ಶಾಖವಾಗಿ ಪೋಲಾಗುತ್ತದೆ. ಒಳ್ಳೆಯ ಬಣ್ಣವೊಂದೇ ಸಾಲದು ಎಂಬುದೇ ಇಲ್ಲಿಯ ಪಾಠ.

ಸುಧಾರಣೆಯ ದಾರಿಗಳು

ಎರಡು ವಸ್ತುಗಳನ್ನು ಬೆಸೆದರೆ ಇಲೆಕ್ಟ್ರಾನು ಒಂದು ಕಡೆಗೆ, ರಂಧ್ರ ಇನ್ನೊಂದು ಕಡೆಗೆ ಸರಿಯುತ್ತವೆ. ಮೇಲ್ಮೈಯಲ್ಲಿ ಪ್ಲಾಟಿನಂ ಕಣಗಳನ್ನು ಕೂರಿಸಿದರೆ ಜಲಜನಕ ಸುಲಭವಾಗಿ ಹೊರಬರುತ್ತದೆ. ಪ್ಲಾಟಿನಂ ದುಬಾರಿ. ಅದರ ಬದಲಿಗೆ ಅಗ್ಗದ ಮಾಲಿಬ್ಡಿನಂ ಡೈಸಲ್ಫೈಡಿನ ಒಂದೇ ಪದರದ ಹಾಳೆಗಳು ಬೆಳಕಿನಲ್ಲಿ ಜಲಜನಕ ಕೊಡುತ್ತವೆಂದು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಸಿ.ಎನ್.ಆರ್. ರಾವ್ ಅವರ ತಂಡ 2013ರಲ್ಲಿ ತೋರಿಸಿತು. ಅಲ್ಲಿ ಬೆಳಕು ಹೀರಲು ಬಣ್ಣವನ್ನೂ, ಇಲೆಕ್ಟ್ರಾನು ಒದಗಿಸಲು ಬೇರೊಂದು ರಾಸಾಯನಿಕವನ್ನೂ ಬೆರೆಸಬೇಕಾಗಿತ್ತು.

2021ರಲ್ಲಿ ಜಪಾನಿನಲ್ಲಿ 100 ಚದರ ಮೀಟರಿನ ಫಲಕಗಳನ್ನು ಬಯಲಿನಲ್ಲಿಟ್ಟು ಪರೀಕ್ಷಿಸಿದ ವರದಿ ಬಂದಿತು. ಬಿಸಿಲಿನ ಶಕ್ತಿಯಲ್ಲಿ ಜಲಜನಕವಾದದ್ದು ಹೆಚ್ಚೆಂದರೆ ಶೇಕಡಾ 0.76.

ಈ ಅಂಕಿಯನ್ನು ನಮ್ಮೂರಿಗೆ ಹೊಂದಿಸಿ ನೋಡೋಣ. ಚದರ ಮೀಟರಿಗೆ ದಿನಕ್ಕೆ 5 ಯೂನಿಟ್ ಬಿಸಿಲು ಬೀಳುತ್ತದೆಂದು ಇಟ್ಟುಕೊಳ್ಳಿ. ದಕ್ಷತೆ ಶೇಕಡಾ 1 ಇದ್ದರೆ, ದಿನಕ್ಕೆ ಒಂದು ಟನ್ ಕಬ್ಬಿಣಕ್ಕೆ ಬೇಕಾಗುವ ಜಲಜನಕಕ್ಕೆ ಸುಮಾರು 9 ಎಕರೆ ಫಲಕ ಬೇಕು. ಶೇಕಡಾ 10 ಆದರೆ ಒಂದು ಎಕರೆಗೂ ಕಡಿಮೆ ಸಾಕು. ಒಮ್ಮೆ ಇದ್ದಿಲಿಗಾಗಿ ಕಾಡನ್ನು ಕೊಟ್ಟ ಮಲೆನಾಡಿಗೆ ಈ ವ್ಯತ್ಯಾಸ ಸಣ್ಣದಲ್ಲ. ಶಿವಮೊಗ್ಗದ ಕಾಲೇಜುಗಳಲ್ಲಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗಳು ಈ ಒಂದನ್ನು ಹತ್ತಾಗಿಸುವ ಕೆಲಸಕ್ಕೆ ಕೈಹಾಕಬಹುದು.