ಬಾಡಿ ಹೋಗುತ್ತೆ, ಲೆನ್ಸು ಉಳಿಯುತ್ತೆ

ನನ್ನ ಮೊದಲ ಕ್ಯಾಮೆರಾ ಸೋದರಮಾವ ಕೊಟ್ಟ ಆಗ್ಫಾ ಕ್ಲಿಕ್ ತ್ರೀ. ರೋಲಿಗೆ 12 ಚಿತ್ರ; ಲೆನ್ಸು ಬದಲಿಸುವ ಮಾತೇ ಇಲ್ಲ. ಆಮೇಲೆ ಬಂದದ್ದು ಸೋವಿಯತ್ ಕಾಲದ ಜೆನಿಟ್, ಜೊತೆಗೆ 58 ಮಿ.ಮೀ. ಹೆಲಿಯೋಸ್ ಲೆನ್ಸು. ಡಬ್ಬಿಯ ಮುಚ್ಚಳದ ಹಾಗೆ ತಿರುಗಿಸಿ ಕೂಡಿಸುವಂಥಾದ್ದು. ಸ್ಕ್ರೂವಿನ ವ್ಯಾಸ 42 ಮಿ.ಮೀ.

ಮುಂದೆ ಒಂದು ನಿಕಾನ್ ಕೊಂಡು, ಹೆಲಿಯೋಸನ್ನು ಅದಕ್ಕೂ ರಿಂಗು ಹಾಕಿ ಸಿಕ್ಕಿಸಿದೆ. ಹತ್ತಿರದ ಹೂವು ಸೊಗಸಾಗಿ ಬಂತು. ಮರೀನ್ ಡ್ರೈವಿನಿಂದ ತೆಗೆದ ಮಲಬಾರ್ ಹಿಲ್ ಮಾತ್ರ ಬರೀ ಮಬ್ಬು! ಯಾಕೆ ಅಂತೀರಾ? ಈ ಲೆನ್ಸಿನ ಬುಡ ಫಿಲ್ಮಿನಿಂದ 45.46 ಮಿ.ಮೀ. ದೂರದಲ್ಲಿ ಕೂರಬೇಕು. ನಿಕಾನಿನಲ್ಲಿ ಆ ದೂರ 46.5, ಮೇಲೆ ರಿಂಗಿನ ದಪ್ಪ ಬೇರೆ. ಒಂದೇ ಒಂದು ಮಿಲಿಮೀಟರು ಹೆಚ್ಚಾದರೂ ದೂರದ್ದೆಲ್ಲ ಕೈತಪ್ಪುತ್ತದೆ.

2010ರಲ್ಲಿ ಬಂದ ಸೋನಿಯ ಇ-ಮೌಂಟಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಒಳಗೆ ಕನ್ನಡಿಯೇ ಇಲ್ಲ. ದೂರ ಬರೀ 18 ಮಿ.ಮೀ. ಉಳಿದ ಜಾಗಕ್ಕೆ ಒಂದು ಪೊಳ್ಳು ಉಂಗುರ ಸಾಕು. ಹೆಲಿಯೋಸಿಗೆ ಮತ್ತೆ ಮಲಬಾರ್ ಹಿಲ್ ಕಂಡಿತು! ಫೋಕಸ್ಸು, ಅಪರ್ಚರು ಎರಡೂ ಕೈಯಲ್ಲೇ ತಿರುಗಿಸಬೇಕು, ಅಷ್ಟೆ.

ನಿಕಾನ್ ಮಾರಿದ್ದಕ್ಕೆ ಬೇಸರವಿಲ್ಲ. ಮುಂಬಯಿಯ ಮಳೆಗಾಲವನ್ನೆಲ್ಲ ಚರ್ಮದ ಚೀಲದಲ್ಲೇ ಕಳೆದ 135 ಮಿ.ಮೀ. ಲೆನ್ಸಿನೊಳಗೆ ಬೂಸ್ಟು ಬಲೆ ಕಟ್ಟಿ ಗಾಜನ್ನೇ ತಿಂದಿತಲ್ಲ, ಆ ಸಂಕಟ ಇನ್ನೂ ಹೋಗಿಲ್ಲ. ಚರ್ಮ ತೇವ ಹಿಡಿದಿಡುತ್ತೆ ಅಂತ ಆಗ ಯಾರು ಹೇಳಿದ್ದರು? ಈಗ ಉಳಿದವೆಲ್ಲ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿಮುಚ್ಚಳದ ಡಬ್ಬಿಯಲ್ಲಿವೆ. ಅಮ್ಮ ಎರಡು ಸಲ ಉಪ್ಪಿನಕಾಯಿ ಅಂದುಕೊಂಡು ತೆರೆದದ್ದೂ ಉಂಟು.