ಹಿತ್ತಲ ಕೋಳಿಗಳ ಚರ್ಮದ ತೊಂದರೆಗಳು: ಗುರುತಿಸುವ ವಿಧಾನ ಮತ್ತು ಚಿಕಿತ್ಸೆ

ನಾಟಿ ಕೋಳಿ, ಗಿರಿರಾಜ, ಸ್ವರ್ಣಧಾರ ಮುಂತಾದ ಕೋಳಿಗಳನ್ನು ಹಿತ್ತಲಿನಲ್ಲಿ ಸಾಕುವುದು ಅನೇಕ ಗ್ರಾಮೀಣ ಕುಟುಂಬಗಳಿಗೆ, ವಿಶೇಷವಾಗಿ ಮಹಿಳೆಯರಿಗೆ, ಉಪ ಆದಾಯದ ಮೂಲವಾಗಿದೆ. ಹತ್ತು ಹನ್ನೆರಡು ಕೋಳಿಗಳಿರುವ ಮನೆಯಲ್ಲಿ ನಾಲ್ಕೈದು ಮೊಟ್ಟೆ ಇಡುವುದನ್ನು ನಿಲ್ಲಿಸಿದರೂ ನಷ್ಟ ಸಣ್ಣದಲ್ಲ. ಚರ್ಮದ ಎಲ್ಲ ತೊಂದರೆಗಳಿಗೂ ಒಂದೇ ಔಷಧವಿಲ್ಲ. ತೊಂದರೆಯು ದೇಹದ ಯಾವ ಭಾಗದಲ್ಲಿದೆ ಎಂಬುದನ್ನು ಮೊದಲು ಗಮನಿಸಿದಲ್ಲಿ ಕಾರಣವನ್ನು ಬಹುಮಟ್ಟಿಗೆ ಗುರುತಿಸಬಹುದು.

1. ಜುಟ್ಟು, ಕೊಕ್ಕು ಮತ್ತು ಕಣ್ಣಿನ ಸುತ್ತ ಗಂಟುಗಳು
ಇದು ಕೋಳಿ ಸಿಡುಬಿನ ಲಕ್ಷಣ. ಪುಕ್ಕವಿಲ್ಲದ ಭಾಗಗಳಲ್ಲಿ ಸಣ್ಣ ಗಂಟುಗಳೆದ್ದು ಕಪ್ಪು ಹಕ್ಕಳೆಗಳಾಗುತ್ತವೆ. ಇದು ವೈರಾಣುವಿನಿಂದ ಬರುವ ರೋಗವಾಗಿದ್ದು, ಸೊಳ್ಳೆಗಳಿಂದಲೂ, ಗಾಯಗಳ ಮೂಲಕವೂ ಹರಡುತ್ತದೆ. ವೈರಾಣುವನ್ನು ಕೊಲ್ಲುವ ಔಷಧವಿಲ್ಲ. ಹಕ್ಕಳೆಗಳನ್ನು ಕೀಳದೆ ಪೊವಿಡೋನ್ ಅಯೋಡಿನ್ ದ್ರಾವಣವನ್ನು ಕಣ್ಣಿಗೆ ತಾಗದಂತೆ ಹಚ್ಚಬೇಕು. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಗುಣವಾಗುತ್ತದೆ. ಕಣ್ಣು ಮುಚ್ಚಿದ ಕೋಳಿಗೆ ಮೇವು ಮತ್ತು ನೀರನ್ನು ಕೊಕ್ಕಿನ ಬಳಿ ಇಡಬೇಕು. ಬಾಯಿಯೊಳಗೆ ಹಳದಿ ಪೊರೆ ಕಟ್ಟಿ ಉಸಿರಾಟಕ್ಕೆ ಕಷ್ಟವಾದಲ್ಲಿ ಸಾವು ಸಂಭವಿಸಬಹುದಾದ್ದರಿಂದ ಕೂಡಲೇ ಪಶುವೈದ್ಯರಿಗೆ ತೋರಿಸಬೇಕು. ಉದುರಿದ ಹಕ್ಕಳೆಗಳಲ್ಲಿ ವೈರಾಣು ತಿಂಗಳುಗಟ್ಟಲೆ ಉಳಿಯುವುದರಿಂದ ಅವುಗಳನ್ನು ಸುಡಬೇಕು. ಈ ರೋಗ ಮನುಷ್ಯರಿಗೆ ಬರುವುದಿಲ್ಲ.

2. ಕಾಲಿನಲ್ಲಿ ದಪ್ಪ ಹುರುಪೆ
ಕಣ್ಣಿಗೆ ಕಾಣದ ನುಸಿಗಳು ಕಾಲಿನ ಚಿಪ್ಪುಗಳ ಅಡಿಯಲ್ಲಿ ಬಿಲ ಕೊರೆಯುವುದರಿಂದ ಚಿಪ್ಪುಗಳು ಮೇಲೆದ್ದು ಕಾಲು ಒರಟಾಗುತ್ತದೆ. ಉಪೇಕ್ಷಿಸಿದಲ್ಲಿ ಕೋಳಿ ಕುಂಟುತ್ತದೆ. ಕಾಲುಗಳನ್ನು ಸಾಬೂನು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಮೃದುವಾದ ಬ್ರಷ್‌ನಿಂದ ಉಜ್ಜಿ, ಒರೆಸಿ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಬೇಕು. ಇದನ್ನು ಕೆಲವು ವಾರಗಳವರೆಗೆ ಮುಂದುವರಿಸಬೇಕು. ಹುರುಪೆಯನ್ನು ಬಲವಂತವಾಗಿ ಕಿತ್ತರೆ ರಕ್ತ ಬರುತ್ತದೆ.

3. ರೆಕ್ಕೆಯ ಅಡಿ ಮತ್ತು ಗುದದ್ವಾರದ ಸುತ್ತ ಹೇನು
ಹೇನುಗಳು ಸದಾ ಕೋಳಿಯ ಮೈಮೇಲೆಯೇ ಇರುತ್ತವೆ. ಪುಕ್ಕದ ಬುಡದಲ್ಲಿ ಬಿಳಿಯ ಮೊಟ್ಟೆಗಳ ಗೊಂಚಲು ಕಾಣುತ್ತದೆ. ಪಶುವೈದ್ಯರು ಸೂಚಿಸಿದ ಪುಡಿ ಅಥವಾ ದ್ರಾವಣವನ್ನು ಎಲ್ಲ ಕೋಳಿಗಳಿಗೂ ಒಂದೇ ದಿನ ಬಳಸಬೇಕು. ಔಷಧಕ್ಕೆ ಹೇನಿನ ಮೊಟ್ಟೆಗಳು ಸಾಯುವುದಿಲ್ಲವಾದ್ದರಿಂದ ಸುಮಾರು ಎರಡು ವಾರಗಳ ನಂತರ ಮತ್ತೊಮ್ಮೆ ಬಳಸುವುದು ಅವಶ್ಯಕ. ಒಣ ಮಣ್ಣಿನಲ್ಲಿ ಹೊರಳಾಡಲು ಜಾಗ ಕಲ್ಪಿಸುವುದೂ ಸಹಕಾರಿ.

4. ಮೈಮೇಲೆ ಏನೂ ಕಾಣದಿದ್ದರೂ ಜುಟ್ಟು ಬಿಳಿಚಿಕೊಳ್ಳುವುದು
ಕೆಂಪು ನುಸಿ ಮತ್ತು ಕೋಳಿ ಉಣ್ಣೆಗಳು ಹಗಲಿನಲ್ಲಿ ಗೂಡಿನ ಬಿರುಕುಗಳಲ್ಲಿ ಅಡಗಿದ್ದು, ರಾತ್ರಿ ಬಂದು ರಕ್ತ ಹೀರುತ್ತವೆ. ಆದ್ದರಿಂದ ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಗೂಡನ್ನು ಪರೀಕ್ಷಿಸಬೇಕು. ಕೋಳಿಗೆ ಮಾತ್ರ ಚಿಕಿತ್ಸೆ ನೀಡಿದರೆ ಪ್ರಯೋಜನವಿಲ್ಲ. ಗೂಡನ್ನು ತೆರವುಗೊಳಿಸಿ, ಬಿರುಕುಗಳನ್ನು ಮುಚ್ಚಿ, ಸುಣ್ಣ ಬಳಿಯಬೇಕು. ರಕ್ತಹೀನತೆ ಇತರ ರೋಗಗಳಿಂದಲೂ ಬರಬಹುದಾದ್ದರಿಂದ ಪಶುವೈದ್ಯರಿಗೆ ತೋರಿಸುವುದು ಸೂಕ್ತ.

5. ರೋಗವಲ್ಲದ ಪುಕ್ಕ ಉದುರುವಿಕೆ
ವಯಸ್ಕ ಕೋಳಿಗಳು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಪುಕ್ಕ ಬದಲಿಸುತ್ತವೆ. ಆ ಅವಧಿಯಲ್ಲಿ ಮೊಟ್ಟೆ ನಿಲ್ಲುವುದು ಸಹಜ. ಚರ್ಮ ಶುಭ್ರವಾಗಿದ್ದು ಹೊಸ ಪುಕ್ಕದ ಮೊಳಕೆಗಳು ಕಂಡುಬಂದಲ್ಲಿ ಔಷಧದ ಅಗತ್ಯವಿಲ್ಲ.

ಮಾಡಬಾರದ ಕ್ರಮಗಳು
ಬೆಳೆಗಳಿಗೆ ಸಿಂಪಡಿಸುವ ಕೀಟನಾಶಕ, ಸೀಮೆಎಣ್ಣೆ ಅಥವಾ ವಾಹನಗಳ ಹಳೆಯ ಎಣ್ಣೆಯನ್ನು ಕೋಳಿಗಳಿಗೆ ಹಚ್ಚಬಾರದು. ಇವು ಚರ್ಮವನ್ನು ಸುಡುತ್ತವೆ ಅಥವಾ ಚರ್ಮದ ಮೂಲಕ ದೇಹ ಸೇರುತ್ತವೆ. ವಿಷದ ಅಂಶ ಮೊಟ್ಟೆಯ ಮೂಲಕ ಮನೆಯ ಮಕ್ಕಳನ್ನೂ ತಲುಪಬಹುದು. ಯಾವುದೇ ಔಷಧ ಬಳಸಿದ ನಂತರ ಎಷ್ಟು ದಿನ ಮೊಟ್ಟೆ ಮತ್ತು ಮಾಂಸವನ್ನು ಬಳಸಬಾರದೆಂದು ಪಶುವೈದ್ಯರಿಂದ ಕೇಳಿ ತಿಳಿದು, ಆ ಅವಧಿಯಲ್ಲಿ ಮಾರಾಟವನ್ನೂ ಮಾಡಬಾರದು.

ತುರ್ತು ಸೂಚನೆ
ಜುಟ್ಟು ನೀಲಿಗಟ್ಟುವುದು, ತಲೆ ಊದಿಕೊಳ್ಳುವುದು ಹಾಗೂ ಹಲವು ಕೋಳಿಗಳು ಹಠಾತ್ತನೆ ಸಾಯುವುದು ಕೋಳಿ ಜ್ವರದ ಲಕ್ಷಣಗಳಾಗಿರಬಹುದು. ಪ್ರಾಣಿಗಳಲ್ಲಿನ ಸೋಂಕು ರೋಗಗಳ ತಡೆ ಮತ್ತು ನಿಯಂತ್ರಣ ಅಧಿನಿಯಮ, 2009ರ ಅನ್ವಯ ಇಂತಹ ಶಂಕೆಯನ್ನು ವರದಿ ಮಾಡುವುದು ಮಾಲೀಕರ ಕರ್ತವ್ಯ. ಸತ್ತ ಕೋಳಿಗಳನ್ನು ಬರಿಗೈಯಿಂದ ಮುಟ್ಟಬಾರದು, ತಿನ್ನಬಾರದು, ಮಾರಬಾರದು.

ಸೇವೆ ಪಡೆಯುವ ವಿಧಾನ
ಕೋಳಿ ಸಿಡುಬಿಗೆ ಲಸಿಕೆಯೇ ಖಚಿತ ರಕ್ಷಣೆ. ಸಾಮಾನ್ಯವಾಗಿ 6ರಿಂದ 8 ವಾರಗಳ ವಯಸ್ಸಿನಲ್ಲಿ ರೆಕ್ಕೆಯ ತೆಳು ಚರ್ಮಕ್ಕೆ ಚುಚ್ಚಿ ನೀಡಲಾಗುತ್ತದೆ. ಒಂದು ಬಾಟಲಿಯಲ್ಲಿ ಅನೇಕ ಕೋಳಿಗಳಿಗೆ ಸಾಲುವಷ್ಟು ಲಸಿಕೆಯಿದ್ದು, ಬೆರೆಸಿದ ನಂತರ ಅದನ್ನು ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕಾಗುತ್ತದೆ. ಆದ್ದರಿಂದ ನೆರೆಹೊರೆಯವರು ಒಟ್ಟಾಗಿ ತಮ್ಮ ಕೋಳಿಗಳ ಸಂಖ್ಯೆ ಮತ್ತು ವಯಸ್ಸನ್ನು ಪಟ್ಟಿ ಮಾಡಿ, ಸಮೀಪದ ಪಶು ಆಸ್ಪತ್ರೆ ಅಥವಾ ಪಶು ಚಿಕಿತ್ಸಾಲಯಕ್ಕೆ ಮುಂಚಿತವಾಗಿ ತಿಳಿಸುವುದು ಅನುಕೂಲಕರ. ಸಂಚಾರಿ ಪಶು ಚಿಕಿತ್ಸಾ ಘಟಕದ ನೆರವಿಗಾಗಿ 1962 ಸಂಖ್ಯೆಗೆ ಕರೆ ಮಾಡಬಹುದು. ಸಾಕಾಣಿಕೆದಾರರು ಈ ಸೇವೆಗಳ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.